ಹೊಳೆಯ ಜೊತೆ ಹೊರಟ ರೈಲು



ನೀವು ಸೈಕಲ್ ತುಳಿಯುತ್ತೀರಲ್ಲವೇ? ಸಮನಾದ ರಸ್ತೆಯಲ್ಲಿ ಹಾಯಾಗಿ ಹೋಗುತ್ತೀರಿ. ಏರು ಬಂದ ಕೂಡಲೇ ಏನಾಗುತ್ತದೆ? ಎದ್ದು ನಿಂತು ತುಳಿಯಬೇಕು. ಏರು ಇನ್ನೂ ಹೆಚ್ಚಾದರೆ ಸೈಕಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕು. ನಿಮಗೆ ಇಷ್ಟು ಕಷ್ಟವಾದರೆ ನೂರಾರು ಟನ್ ಭಾರ ಎಳೆಯುವ ರೈಲಿಗೆ ಎಷ್ಟು ಕಷ್ಟವಾಗಬೇಡ?

ಅದಕ್ಕಾಗಿಯೇ ಗುಡ್ಡಗಾಡಿನಲ್ಲಿ ರೈಲು ದಾರಿ ಹಾಕುವವರು ಮೊದಲು ಹೊಳೆ ಎಲ್ಲಿದೆ ಎಂದು ನೋಡುತ್ತಾರೆ. ಹೊಳೆ ಸಾವಿರಾರು ವರ್ಷಗಳಿಂದ ಗುಡ್ಡವನ್ನು ಕೊರೆದು, ಬೆಟ್ಟದಿಂದ ಬಯಲಿಗೆ ನಿಧಾನವಾಗಿ ಇಳಿಯುವ ಕಣಿವೆಯನ್ನು ಮಾಡಿಟ್ಟಿರುತ್ತದೆ. ಅದರ ಪಕ್ಕದಲ್ಲೇ ಹಳಿ ಹಾಕಿದರೆ ಏರು ಕಡಿಮೆ, ಖರ್ಚೂ ಕಡಿಮೆ. ಇಂತಹ ಕಣಿವೆ ರೈಲುಗಳು ಬ್ರಿಟನ್ ದೇಶದ ಹಳ್ಳಿಗಾಡಿನಲ್ಲಿ ಬಹಳ ಇದ್ದವು. ಅವು ಹೇಗೆ ಹುಟ್ಟಿದವು? ಹಲವು ಏಕೆ ನಿಂತುಹೋದವು? ಕೆಲವು ಹೇಗೆ ಉಳಿದವು? ಬನ್ನಿ, ತಿಳಿಯೋಣ.

ಏರನ್ನು ಅಳೆಯುವುದು ಹೇಗೆ?

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಹಳಿ 100 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೇರಿದರೆ ಅದನ್ನು ‘100ಕ್ಕೆ 1’ ಏರು ಎನ್ನುತ್ತಾರೆ. 50 ಮೀಟರಿಗೇ 1 ಮೀಟರ್ ಏರಿದರೆ ಅದು ‘50ಕ್ಕೆ 1’. ಮೊದಲ ಸಂಖ್ಯೆ ಚಿಕ್ಕದಾದಷ್ಟೂ ಏರು ಕಡಿದು ಎಂದು ತಿಳಿಯಿರಿ.

ರೈಲಿನ ಗಾಲಿಯೂ ಕಬ್ಬಿಣದ್ದು, ಹಳಿಯೂ ಕಬ್ಬಿಣದ್ದು. ಎರಡೂ ಗಟ್ಟಿ, ಎರಡೂ ನುಣುಪು. ಆದ್ದರಿಂದ ಗಾಲಿ ಉರುಳುವಾಗ ತಡೆ ಬಹಳ ಕಡಿಮೆ. ಹಳೆಯ ಕಾಲದ ವ್ಯಾಗನ್ ಒಂದನ್ನು ಸಮನಾದ ಹಳಿಯ ಮೇಲೆ ನಿಲ್ಲಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ತುದಿಗೆ ತೂಕ ಕಟ್ಟಿದ್ದೇವೆ ಎಂದುಕೊಳ್ಳಿ. ವ್ಯಾಗನ್ನಿನ ಒಂದೊಂದು ಟನ್ ಭಾರಕ್ಕೂ ಸುಮಾರು 4 ಕಿಲೋಗ್ರಾಂ ತೂಕ ಕಟ್ಟಿದರೆ ಸಾಕು, ಅದು ಉರುಳುತ್ತಲೇ ಇರುತ್ತದೆ. ಒಂದು ಟನ್ ಎಂದರೆ 1,000 ಕಿಲೋಗ್ರಾಂ ಎಂಬುದನ್ನು ನೆನಪಿಡಿ!

ಈಗ ಏರಿಗೆ ಬರೋಣ. 100ಕ್ಕೆ 1 ಏರಿನಲ್ಲಿ ಒಂದು ಟನ್ನನ್ನು ಮೇಲೆಳೆಯಲು 1,000 ಭಾಗಿಸು 100, ಅಂದರೆ ಇನ್ನೂ 10 ಕಿಲೋಗ್ರಾಂ ತೂಕ ಕಟ್ಟಬೇಕು. ಒಟ್ಟು 14 ಆಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಏರು, ಆದರೆ ಎಳೆಯುವ ಬಲ ಮೂರು ಪಟ್ಟಿಗೂ ಹೆಚ್ಚಾಯಿತು. 50ಕ್ಕೆ 1 ಏರಿನಲ್ಲಿ 24 ಬೇಕು, ಅಂದರೆ ಆರು ಪಟ್ಟು.

ಇನ್ನೊಂದು ತೊಂದರೆಯೂ ಇದೆ. ಗಾಲಿಯೂ ಹಳಿಯೂ ನುಣುಪಾಗಿರುವುದರಿಂದ ಏರಿನಲ್ಲಿ ಎಂಜಿನ್ನಿನ ಗಾಲಿ ಇದ್ದಲ್ಲೇ ತಿರುಗಿ ಜಾರಬಹುದು. ಮಳೆ ಬಂದಾಗಲಂತೂ ಇನ್ನೂ ಹೆಚ್ಚು. ಅದಕ್ಕೇ ಎಂಜಿನ್ನಿನಲ್ಲಿ ಒಣ ಮರಳನ್ನು ಇಟ್ಟುಕೊಂಡು ಹಳಿಯ ಮೇಲೆ ಸುರಿಸುತ್ತಾರೆ. ಘರ್ಷಣೆ ಕಡಿಮೆ ಇರುವುದೇ ರೈಲಿಗೆ ಅನುಕೂಲ. ಏರು ಹತ್ತುವಾಗ ಅದೇ ಅನನುಕೂಲ.

ಕಬ್ಬಿಣದ ಕಣಿವೆಯಲ್ಲಿ ಮೊದಲ ಓಟ

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡು ನಾಡಿದೆ. ಅದರ ದಕ್ಷಿಣದಲ್ಲಿ ಟಾಫ್ ಎಂಬ ನದಿ ಹರಿಯುತ್ತದೆ. ಆ ಕಣಿವೆಯ ಮೇಲಿನ ತುದಿಯಲ್ಲಿರುವ ಮರ್ಥರ್ ಊರಿನಲ್ಲಿ ಕಬ್ಬಿಣ ಕರಗಿಸುವ ದೊಡ್ಡ ಕುಲುಮೆಗಳಿದ್ದವು. ಅಲ್ಲಿಂದ ಕಬ್ಬಿಣವನ್ನು ಕೆಳಗಿನ ಕಾಲುವೆಯವರೆಗೆ ಕುದುರೆಗಳು ಹಳಿಗಾಡಿಯಲ್ಲಿ ಎಳೆದು ತರುತ್ತಿದ್ದವು.

1804ರ ಫೆಬ್ರವರಿ 21ರಂದು ಅದೇ ಹಳಿಯ ಮೇಲೆ ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ ಒಂದು ಉಗಿ ಎಂಜಿನ್ ಓಡಿಸಿದರು. ಅದು ಸುಮಾರು 10 ಟನ್ ಕಬ್ಬಿಣವನ್ನೂ 70 ಜನರನ್ನೂ ಸುಮಾರು 16 ಕಿ.ಮೀ. ದೂರ ಎಳೆಯಿತು. ನಾಲ್ಕು ಗಂಟೆಗೂ ತುಸು ಹೆಚ್ಚು ಸಮಯ ಹಿಡಿಯಿತು. ವೇಗ ಎಷ್ಟಾಯಿತು? ನೀವೇ ಭಾಗಿಸಿ ನೋಡಿ. ನೀವು ಶಾಲೆಗೆ ನಡೆದು ಬರುವ ವೇಗವೂ ಅಷ್ಟೇ! ಆದರೆ ಹಳಿಯ ಮೇಲೆ ಉಗಿ ಎಂಜಿನ್ ಭಾರ ಎಳೆಯಬಲ್ಲದು ಎಂಬುದು ಅಂದು ಸಿದ್ಧವಾಯಿತು. ಎಂಜಿನ್ ಗೆದ್ದಿತು, ಹಳಿ ಸೋತಿತು. ಆಗಿನ ಎರಕದ ಕಬ್ಬಿಣದ ಹಳಿಗಳು ಎಂಜಿನ್ನಿನ ಭಾರ ತಾಳದೆ ಮುರಿದವು.

ಮುಂದೆ ಇದೇ ಕಣಿವೆಯಲ್ಲಿ ಬ್ರುನೆಲ್ ಎಂಬ ಹೆಸರಾಂತ ಎಂಜಿನಿಯರ್ ಟಾಫ್ ವೇಲ್ ರೈಲು ದಾರಿಯನ್ನು ಮಾಡಿದರು. 1840ರಲ್ಲಿ ಅದರ ಒಂದು ಭಾಗ ತೆರೆಯಿತು. 1841ರಲ್ಲಿ ಕಾರ್ಡಿಫ್ ಬಂದರಿನಿಂದ ಮರ್ಥರ್‌ವರೆಗೂ ರೈಲು ಓಡಿತು. ಬ್ರುನೆಲ್ ಬೇರೆ ಕಡೆ ಎರಡು ಹಳಿಗಳ ನಡುವೆ 2 ಮೀಟರಿಗೂ ಹೆಚ್ಚು ಅಂತರವಿಡುತ್ತಿದ್ದರು. ಇಲ್ಲಿ ಮಾತ್ರ 1,435 ಮಿಲಿಮೀಟರ್ ಸಾಕು ಎಂದರು. ಏಕೆ? ಹೊಳೆ ಹಾವಿನಂತೆ ಬಳಕುತ್ತದೆ. ಅದರ ಪಕ್ಕದ ಹಳಿಯೂ ಬಳಕಲೇಬೇಕು. ಹಳಿಗಳ ಅಂತರ ಕಿರಿದಾದರೆ ಬಿಗಿಯಾದ ತಿರುವು ತೆಗೆದುಕೊಳ್ಳುವುದು ಸುಲಭ.

ಕುದುರೆಯೂ ಸವಾರಿ ಮಾಡಿದ ರೈಲು

ನೀವು ಬಳಪದಿಂದ ಬರೆಯುವ ಕಲ್ಲಿನ ಸ್ಲೇಟನ್ನು ನೋಡಿದ್ದೀರಾ? ಆ ಕಲ್ಲು ಪದರ ಪದರವಾಗಿ ಸೀಳುತ್ತದೆ. ಉತ್ತರ ವೇಲ್ಸಿನಲ್ಲಿ ಈ ಕಲ್ಲನ್ನು ತೆಳ್ಳಗೆ ಸೀಳಿ ಮನೆಯ ಮಾಡಿಗೆ ಹೆಂಚಿನಂತೆ ಹೊದಿಸುತ್ತಿದ್ದರು. ಬ್ಲೈನೈ ಫೆಸ್ಟಿನಿಯೋಗ್ ಎಂಬ ಊರಿನ ಗುಡ್ಡದ ತುಂಬ ಇದರ ಗಣಿಗಳಿದ್ದವು. ಬಂದರು ಪೋರ್ತ್‌ಮಡೋಗ್ ಮಾತ್ರ ಕೆಳಗೆ, ಸಮುದ್ರದ ಬಳಿ. ಕಲ್ಲನ್ನು ಮೊದಲು ಗಾಡಿಗೆ, ಆಮೇಲೆ ದೋಣಿಗೆ, ಮತ್ತೆ ಹಡಗಿಗೆ ಏರಿಸಿ ಇಳಿಸುವಷ್ಟರಲ್ಲಿ ಎಷ್ಟೋ ಒಡೆದುಹೋಗುತ್ತಿತ್ತು.

1836ರಲ್ಲಿ ಗಣಿಯಿಂದ ಬಂದರಿಗೆ ಸುಮಾರು 21 ಕಿ.ಮೀ. ಉದ್ದದ ಪುಟ್ಟ ರೈಲು ದಾರಿ ತೆರೆಯಿತು. ಎರಡು ಹಳಿಗಳ ನಡುವಿನ ಅಂತರ ಬರೇ 60 ಸೆಂಟಿಮೀಟರ್! ಎಂಜಿನ್ ಇರಲಿಲ್ಲ. ಹಳಿಯನ್ನು ಗುಡ್ಡದ ಮಗ್ಗುಲಲ್ಲಿ ಸುತ್ತಿಸಿ, ಸುಮಾರು 80ಕ್ಕೆ 1ರಂತೆ ಒಂದೇ ಸಮನೆ ಇಳಿಯುವಂತೆ ಹಾಕಿದ್ದರು.

ಈಗ ಯೋಚಿಸಿ. 80ಕ್ಕೆ 1 ಇಳಿಜಾರಿನಲ್ಲಿ ಒಂದು ಟನ್ನನ್ನು ಭೂಮಿಯ ಗುರುತ್ವ ಕೆಳಕ್ಕೆ ಎಳೆಯುವ ಬಲ ಎಷ್ಟು? 1,000 ಭಾಗಿಸು 80, ಅಂದರೆ ಹನ್ನೆರಡೂವರೆ ಕಿಲೋಗ್ರಾಂ ತೂಕದಷ್ಟು. ಗಾಲಿಯ ತಡೆಗೆ 4 ಹೋದರೂ ಇನ್ನೂ ಉಳಿಯಿತಲ್ಲ? ಹಾಗಾಗಿ ಕಲ್ಲು ತುಂಬಿದ ವ್ಯಾಗನ್ನುಗಳು ತಾವಾಗಿಯೇ ಉರುಳಿ ಬಂದರಿಗೆ ಬರುತ್ತಿದ್ದವು. ಮೇಲೆ ಕುಳಿತ ಕೆಲಸಗಾರರು ಬ್ರೇಕ್ ಹಿಡಿಯುತ್ತಿದ್ದರು, ಅಷ್ಟೇ. ಇಳಿಯಲು ಸುಮಾರು ಒಂದೂವರೆ ಗಂಟೆ. ಖಾಲಿ ವ್ಯಾಗನ್ನುಗಳನ್ನು ಕುದುರೆಗಳು ಮೇಲಕ್ಕೆ ಎಳೆಯಲು ಸುಮಾರು ಆರು ಗಂಟೆ. ಎಳೆದು ದಣಿದ ಕುದುರೆಗಳು ಕೆಳಗೆ ಬರುವುದು ಹೇಗೆ? ಅವಕ್ಕೂ ಒಂದು ವ್ಯಾಗನ್ ಇತ್ತು. ಅದರಲ್ಲಿ ನಿಂತು, ಹುಲ್ಲು ಮೇಯುತ್ತ, ರೈಲಿನಲ್ಲೇ ಇಳಿಯುತ್ತಿದ್ದವು!

1863ರಲ್ಲಿ ಇಲ್ಲಿ ಪುಟ್ಟ ಉಗಿ ಎಂಜಿನ್ನುಗಳು ಬಂದವು. ಇಷ್ಟು ಕಿರಿದಾದ ಹಳಿಯ ಮೇಲೂ ಎಂಜಿನ್ ಚೆನ್ನಾಗಿ ಓಡುತ್ತದೆ ಎಂಬುದನ್ನು ನೋಡಿ ಬೇರೆ ದೇಶದವರೂ ಗುಡ್ಡಗಾಡಿಗೆ ಇಂತಹ ಹಳಿಯನ್ನು ಆರಿಸಿಕೊಂಡರು. ನಮ್ಮ ದೇಶದ ಡಾರ್ಜಿಲಿಂಗ್ ರೈಲು 1881ರಲ್ಲಿ ಬೆಟ್ಟ ಹತ್ತಿದ್ದು ಸುಮಾರು ಇಷ್ಟೇ ಅಗಲದ ಹಳಿಯ ಮೇಲೆ.

ನೀರಿನ ತೂಕದಿಂದ ಏರಿದ ಬೋಗಿ

ಇಂಗ್ಲೆಂಡಿನ ಈಶಾನ್ಯದಲ್ಲಿ ವಿಟ್‌ಬಿ ಎಂಬ ಕಡಲೂರಿದೆ. ಅಲ್ಲಿಂದ ಒಳನಾಡಿನ ಪಿಕರಿಂಗ್ ಊರಿಗೆ 1836ರಲ್ಲಿ ರೈಲು ದಾರಿ ತೆರೆಯಿತು. ಮಾಡಿದವರು ಜಾರ್ಜ್ ಸ್ಟೀಫನ್‌ಸನ್. ಇಲ್ಲಿಯೂ ಮೊದಲು ಬೋಗಿ ಎಳೆದದ್ದು ಕುದುರೆಗಳೇ. ದಾರಿಯಲ್ಲಿ ಒಂದು ಕಡೆ ಕಾಲಿಟ್ಟರೆ ಹೂತುಹೋಗುವ ಕೆಸರು ನೆಲವಿತ್ತು. ಸ್ಟೀಫನ್‌ಸನ್ ಅದರ ಮೇಲೆ ಮರ, ಕಡ್ಡಿಕಟ್ಟು, ಕುರಿಯ ಉಣ್ಣೆ ಹಾಸಿ ಹಳಿ ಹಾಕಿಸಿದರು. ಭಾರ ಅಗಲವಾಗಿ ಹರಡಿದರೆ ಒತ್ತಡ ಕಡಿಮೆಯಾಗುತ್ತದೆ. ಕೆಸರು ಗದ್ದೆಯಲ್ಲಿ ಹಲಗೆ ಹಾಕಿ ನಡೆಯುತ್ತೇವಲ್ಲ, ಅದೇ ಉಪಾಯ.

ಗೋತ್‌ಲ್ಯಾಂಡ್ ಹಳ್ಳಿಯ ಬಳಿ ಕಣಿವೆ ಇದ್ದಕ್ಕಿದ್ದಂತೆ ಕಡಿದಾಗುತ್ತದೆ. ಅಲ್ಲಿ ಸುಮಾರು 1,400 ಮೀಟರ್ ಉದ್ದಕ್ಕೆ ಏರು ಸರಾಸರಿ 15ಕ್ಕೆ 1. ಕುದುರೆಗೆ ಆಗದು. ಅದಕ್ಕೊಂದು ಯುಕ್ತಿ ಮಾಡಿದರು. ಮೇಲೆ ಒಂದು ತೊಟ್ಟಿ ಗಾಡಿಗೆ ನೀರು ತುಂಬಿಸುವುದು. ಅದನ್ನು ಹಗ್ಗದಿಂದ ಕೆಳಗಿನ ಬೋಗಿಗೆ ಕಟ್ಟುವುದು. ಭಾರವಾದ ತೊಟ್ಟಿ ಕೆಳಗಿಳಿಯುತ್ತಿದ್ದಂತೆ ಬೋಗಿ ಮೇಲೇರುತ್ತದೆ. ನಮ್ಮ ಬಾವಿಯ ರಾಟೆಗೆ ಎರಡೂ ಕಡೆ ಕೊಡ ಕಟ್ಟಿದರೆ ಹೇಗೋ ಹಾಗೆ. ಕೆಳಗೆ ನೀರು ಚೆಲ್ಲಿ, ಖಾಲಿ ತೊಟ್ಟಿಯನ್ನು ಮತ್ತೆ ಮೇಲೆ ಒಯ್ಯುವುದು. ಮುಂದೆ ನೀರಿನ ಬದಲು, ಮೇಲೆ ನಿಲ್ಲಿಸಿದ ಉಗಿಯಂತ್ರ ಹಗ್ಗವನ್ನು ಎಳೆಯತೊಡಗಿತು.

ಆದರೆ ಎಲ್ಲರ ಜೀವವೂ ಒಂದು ಹಗ್ಗದ ಮೇಲಿತ್ತು. 1864ರಲ್ಲಿ ಹಗ್ಗ ಕಡಿದು ಬೋಗಿಗಳು ಕೆಳಕ್ಕೆ ನುಗ್ಗಿದವು. ಇಬ್ಬರು ಪ್ರಾಣ ಕಳೆದುಕೊಂಡರು. ಅಷ್ಟರಲ್ಲಾಗಲೇ ಬೇರೊಂದು ದಾರಿಯ ಯೋಜನೆ ಸಿದ್ಧವಾಗಿತ್ತು. 1865ರಲ್ಲಿ ಸುಮಾರು 7 ಕಿ.ಮೀ. ಉದ್ದದ ಹೊಸ ದಾರಿ ತೆರೆಯಿತು. ಅದರ ಏರು 49ಕ್ಕೆ 1. ಎಂಜಿನ್ ಹಗ್ಗವಿಲ್ಲದೆ ಹತ್ತಿತು.

ಇಲ್ಲಿ ಒಂದು ಲೆಕ್ಕ ಮಾಡಿ. 1,400 ಮೀಟರನ್ನು 15ರಿಂದ ಭಾಗಿಸಿದರೆ ಎತ್ತರ ಸುಮಾರು 93 ಮೀಟರ್. ಅಷ್ಟೇ ಎತ್ತರವನ್ನು 49ಕ್ಕೆ 1ರಂತೆ ಹತ್ತಲು ಎಷ್ಟು ಉದ್ದದ ಹಳಿ ಬೇಕು? 93 ಗುಣಿಸು 49. ಸುಮಾರು ನಾಲ್ಕೂವರೆ ಕಿ.ಮೀ.! ಏರು ಕಡಿಮೆಯಾಗಬೇಕೆಂದರೆ ದಾರಿ ಉದ್ದವಾಗಬೇಕು. ಬೆಟ್ಟದ ರಸ್ತೆ ಸುತ್ತಿ ಸುತ್ತಿ ಹೋಗುವುದೂ ಇದೇ ಕಾರಣಕ್ಕೆ.

ಹೊಳೆ ಮಾಡುವ ಹಾನಿ

ಹೊಳೆ ದಾರಿ ಕೊಡುತ್ತದೆ ನಿಜ. ಕೆಲವೊಮ್ಮೆ ಅದೇ ದಾರಿಯನ್ನು ಕಿತ್ತುಕೊಳ್ಳುತ್ತದೆ. ಹಳಿಯ ಕೆಳಗೆ ಜಲ್ಲಿಕಲ್ಲು, ಅದರ ಕೆಳಗೆ ಮಣ್ಣಿನ ಏರಿ ಇರುತ್ತದೆ. ಮಳೆ ಹೆಚ್ಚಾದಾಗ ನೀರು ಮಣ್ಣಿನ ಕಣಗಳ ನಡುವೆ ತುಂಬಿಕೊಳ್ಳುತ್ತದೆ. ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಕಡಿಮೆಯಾಗಿ ಏರಿ ಕುಸಿಯುತ್ತದೆ. ಉಕ್ಕಿ ಬಂದ ಹೊಳೆ ಜಲ್ಲಿಯನ್ನು ಕೊಚ್ಚಿಕೊಂಡು ಹೋದರೆ ಹಳಿ ಗಾಳಿಯಲ್ಲಿ ನೇತಾಡುತ್ತದೆ.

ವೇಲ್ಸಿನ ಕಾನ್ವಿ ನದಿಯ ಕಣಿವೆಯಲ್ಲೂ ಒಂದು ರೈಲು ದಾರಿ ಇದೆ. ಅದು ಕಡಲ ಕಡೆಯಿಂದ ಹೊರಟು, 3 ಕಿ.ಮೀ.ಗೂ ಉದ್ದದ ಸುರಂಗ ದಾಟಿ, ಅದೇ ಬ್ಲೈನೈ ಫೆಸ್ಟಿನಿಯೋಗ್ ಊರಿಗೆ 1879ರಲ್ಲಿ ತಲುಪಿತು. 2019ರ ಮಾರ್ಚ್ ತಿಂಗಳ ಬಿರುಗಾಳಿ ಮಳೆಗೆ ಈ ದಾರಿ ಹಲವು ಕಡೆ ಕೊಚ್ಚಿಹೋಗಿ ಜುಲೈವರೆಗೂ ರೈಲು ನಿಂತಿತು. ಸರಿಪಡಿಸಿ ವರ್ಷ ತುಂಬುವ ಮೊದಲೇ, 2020ರ ಫೆಬ್ರವರಿಯಲ್ಲಿ ಮತ್ತೆ ಪ್ರವಾಹ. ಆಗ ಸೆಪ್ಟೆಂಬರ್‌ವರೆಗೆ ರೈಲು ಓಡಲಿಲ್ಲ.

ಲೆಕ್ಕದ ಪುಸ್ತಕವೂ ಹಳ್ಳಿಯ ಜನರೂ

ಇಪ್ಪತ್ತನೆಯ ಶತಮಾನದಲ್ಲಿ ಬಸ್ಸು, ಲಾರಿ, ಕಾರುಗಳು ಹೆಚ್ಚಿದವು. ಹಳ್ಳಿ ರೈಲುಗಳಲ್ಲಿ ಜನ ಕಡಿಮೆಯಾದರು. ಬ್ರಿಟನ್ನಿನ ರೈಲ್ವೆ ನಷ್ಟಕ್ಕೆ ಬಿತ್ತು. 1963ರ ಮಾರ್ಚ್‌ನಲ್ಲಿ ರೈಲ್ವೆಯ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಅವರ ವರದಿ ಹೊರಬಂದಿತು. ಒಟ್ಟು ರೈಲು ದಾರಿಯ ಮೂರನೆಯ ಒಂದು ಭಾಗದಲ್ಲಿ ಪ್ರಯಾಣದ ನೂರರಲ್ಲಿ ಒಂದು ಪಾಲು ಮಾತ್ರ ನಡೆಯುತ್ತಿದೆ ಎಂದು ಅದು ಲೆಕ್ಕ ಕೊಟ್ಟಿತು. 2,363 ನಿಲ್ದಾಣಗಳನ್ನೂ ಸುಮಾರು 8,000 ಕಿ.ಮೀ. ದಾರಿಯನ್ನೂ ಮುಚ್ಚಬೇಕೆಂದಿತು.

ಲೆಕ್ಕ ತಪ್ಪೇನಲ್ಲ. ಆದರೆ ಆ ನೂರರಲ್ಲಿ ಒಂದು ಪಾಲು ಯಾರದು? ಪೇಟೆಗೆ ಹೋಗಲು ಬೇರೆ ದಾರಿ ಇಲ್ಲದವರದು. ಕಾರು ಇಲ್ಲದ ಮುದುಕರದು, ಶಾಲೆಗೆ ಹೋಗುವ ಮಕ್ಕಳದು. ಹಾಗಾಗಿ ಊರೂರಿನಲ್ಲಿ ವಿರೋಧ ಎದ್ದಿತು.

ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಗಡಿಯಲ್ಲಿ ನ್ಯೂಕ್ಯಾಸಲ್‌ಟನ್ ಎಂಬ ಹಳ್ಳಿಯಿದೆ. ಅದರ ಮೂಲಕ ಹೋಗುವ ದಾರಿಯನ್ನು 1969ರ ಜನವರಿಯಲ್ಲಿ ಮುಚ್ಚಿದರು. ಕೊನೆಯ ರಾತ್ರಿ ಹಳ್ಳಿಯ ಜನ ಗೇಟು ಹಾಕಿ, ಹಳಿಯ ಮೇಲೆ ನಿಂತು ರೈಲನ್ನು ತಡೆದರು. ರೈಲು ತಡವಾಗಿ ಹೋಯಿತು. ಮತ್ತೆ ಬರಲಿಲ್ಲ.

ಎಲ್ಲ ಕಡೆ ಹೀಗಾಗಲಿಲ್ಲ. ಇಂಗ್ಲೆಂಡಿನ ನೈರುತ್ಯದಲ್ಲಿ ಟೇಮರ್ ನದಿಯ ಕಣಿವೆಯಿದೆ. 1908ರಲ್ಲಿ ಅಲ್ಲಿ ತೆರೆದ ದಾರಿ ಕಾಲ್‌ಸ್ಟಾಕ್ ಎಂಬ ಹಳ್ಳಿಯ ಬಳಿ ಹನ್ನೆರಡು ಕಮಾನುಗಳ ಸೇತುವೆಯ ಮೇಲೆ ನದಿ ದಾಟುತ್ತದೆ. ಅದರ ಎತ್ತರ ಸುಮಾರು 37 ಮೀಟರ್. ನದಿಯ ದಡದಲ್ಲೇ ಅಚ್ಚು ಹಾಕಿದ 11,148 ಕಾಂಕ್ರೀಟ್ ಇಟ್ಟಿಗೆಗಳಿಂದ ಅದನ್ನು ಕಟ್ಟಿದ್ದಾರೆ. ಈ ಕಣಿವೆಯ ಹಳ್ಳಿಗಳಿಗೆ ನೆಟ್ಟಗಿನ ರಸ್ತೆ ಇಲ್ಲ. ನದಿಗಳನ್ನು ಬಳಸಿ ಸುತ್ತಿ ಹೋಗಬೇಕು. ರೈಲು ನಿಂತರೆ ಜನ ಹೋಗುವುದು ಹೇಗೆ? ಈ ಒಂದು ಕಾರಣದಿಂದ ದಾರಿಯ ಹೆಚ್ಚಿನ ಭಾಗ ಉಳಿಯಿತು. ಗನಿಸ್‌ಲೇಕ್ ಹಳ್ಳಿಯಿಂದ ಪ್ಲಿಮತ್ ನಗರಕ್ಕೆ ಅಲ್ಲಿ ಇಂದಿಗೂ ರೈಲು ಓಡುತ್ತದೆ.

ಜನರೇ ಮತ್ತೆ ಓಡಿಸಿದರು

ಮುಚ್ಚಿದ ಕೆಲವು ದಾರಿಗಳಿಗೆ ಮತ್ತೆ ಜೀವ ಬಂದದ್ದೂ ಉಂಟು. ಸೆವರ್ನ್ ನದಿಯ ಜೊತೆಗೆ ಶ್ರೂಸ್‌ಬರಿಯಿಂದ ಹಾರ್ಟಲ್‌ಬರಿಗೆ 1862ರಲ್ಲಿ ತೆರೆದ ಸುಮಾರು 64 ಕಿ.ಮೀ. ದಾರಿಯನ್ನು 1963ರಲ್ಲಿ ಪ್ರಯಾಣಿಕರಿಗೆ ಮುಚ್ಚಲಾಯಿತು. ಈ ನಿರ್ಧಾರ ಬೀಚಿಂಗ್ ವರದಿಗೂ ಮೊದಲಿನದು. 1965ರಲ್ಲಿ ರೈಲಿನ ಮೇಲೆ ಪ್ರೀತಿಯಿದ್ದ ಜನ ಸಂಘ ಕಟ್ಟಿದರು. ಹಣ ಕೂಡಿಸಿದರು. ರಜೆಯ ದಿನಗಳಲ್ಲಿ ಬಂದು ಕಳೆ ಕಿತ್ತರು, ಎಂಜಿನ್ ಬಿಚ್ಚಿ ಜೋಡಿಸಿದರು. 1970ರಲ್ಲಿ ಬ್ರಿಜ್‌ನಾರ್ತ್ ಊರಿನಿಂದ ಮೊದಲ ರೈಲು ಹೊರಟಿತು. 1984ರ ಹೊತ್ತಿಗೆ ಅದು 26 ಕಿ.ಮೀ. ದೂರದ ಕಿಡರ್‌ಮಿನ್‌ಸ್ಟರ್ ತಲುಪಿತು. 2007ರ ಜೂನ್ ಮಳೆಗೆ ಹಲವು ಕಡೆ ಏರಿ ಕುಸಿದಾಗಲೂ ಅವರು ಕೈಬಿಡಲಿಲ್ಲ. 2008ರ ಮಾರ್ಚ್‌ನಲ್ಲಿ ಪೂರ್ತಿ ದಾರಿ ಮತ್ತೆ ತೆರೆಯಿತು.

1965ರಲ್ಲಿ ನಿಂತ ಪಿಕರಿಂಗ್ ದಾರಿಯನ್ನೂ 1973ರಲ್ಲಿ ಹೀಗೆಯೇ ತೆರೆದರು. ಕುದುರೆ ಸವಾರಿ ಮಾಡಿದ ಫೆಸ್ಟಿನಿಯೋಗ್ ದಾರಿ 1946ರಲ್ಲಿ ನಿಂತಿತ್ತು. ಆಮೇಲೆ ಅದರ ಒಂದು ಭಾಗ ಹೊಸ ಜಲಾಶಯದಲ್ಲಿ ಮುಳುಗಿಯೂ ಹೋಯಿತು. ಸ್ವಯಂಸೇವಕರು ಹಳಿಯನ್ನು ಒಂದು ಸುತ್ತು ಸುತ್ತಿಸಿ ಮೇಲೇರಿಸಿ, 1982ರಲ್ಲಿ ಮತ್ತೆ ಬ್ಲೈನೈಗೆ ರೈಲು ತಂದರು.

ನ್ಯೂಕ್ಯಾಸಲ್‌ಟನ್ ದಾರಿ ಏನಾಯಿತು? ಅದರ ಉತ್ತರದ ತುದಿಯ ಸುಮಾರು 48 ಕಿ.ಮೀ. ಭಾಗದಲ್ಲಿ ಸರ್ಕಾರ ಹೊಸದಾಗಿ ಹಳಿ ಹಾಕಿಸಿತು. 46 ವರ್ಷಗಳ ನಂತರ, 2015ರ ಸೆಪ್ಟೆಂಬರ್‌ನಲ್ಲಿ, ಎಡಿನ್‌ಬರೋ ನಗರದಿಂದ ಟ್ವೀಡ್‌ಬ್ಯಾಂಕ್‌ವರೆಗೆ ರೈಲು ಓಡಿತು. ಆದರೆ ನ್ಯೂಕ್ಯಾಸಲ್‌ಟನ್ ಹಳ್ಳಿ ಅದಕ್ಕೂ ದಕ್ಷಿಣದಲ್ಲಿದೆ. ಅಂದು ಹಳಿಯ ಮೇಲೆ ನಿಂತವರ ಊರಿಗೆ ಆ ರೈಲು ತಲುಪಿಲ್ಲ. ಹಳಿ ಕೀಳುವುದು ಸುಲಭ. ಮತ್ತೆ ಹಾಕುವುದು ಎಷ್ಟು ಕಷ್ಟ ಎಂಬುದನ್ನು ಇದರಿಂದ ತಿಳಿಯಬಹುದು.

ಮಾಡಿ ನೋಡಿ

ಬೇಕಾಗುವ ಸಾಮಾನು: 60 ಸೆಂ.ಮೀ. ಉದ್ದದ ನುಣುಪಾದ ಹಲಗೆ, ಆಟದ ಗಾಡಿ, ಖಾಲಿ ಬೆಂಕಿಪೊಟ್ಟಣ, ದಾರ, ಹುಣಸೆ ಬೀಜಗಳು, ಕೆಲವು ಪುಸ್ತಕ.

1. ಹಲಗೆಯನ್ನು ಮೇಜಿನ ಮೇಲೆ, ಅದರ ಒಂದು ತುದಿ ಮೇಜಿನ ಅಂಚಿಗೆ ಬರುವಂತೆ ಸಮನಾಗಿ ಇಡಿ. ಗಾಡಿಗೆ ದಾರ ಕಟ್ಟಿ, ಆ ತುದಿಯಿಂದ ಇಳಿಬಿಡಿ. ದಾರದ ಕೊನೆಗೆ ಬೆಂಕಿಪೊಟ್ಟಣ ಕಟ್ಟಿ.
2. ಪೊಟ್ಟಣಕ್ಕೆ ಒಂದೊಂದೇ ಹುಣಸೆ ಬೀಜ ಹಾಕಿ. ಎಷ್ಟನೆಯ ಬೀಜಕ್ಕೆ ಗಾಡಿ ಹೊರಟಿತು? ಬರೆದುಕೊಳ್ಳಿ.
3. ಪುಸ್ತಕ ಇಟ್ಟು ಹಲಗೆಯ ಆ ತುದಿಯನ್ನು 4 ಸೆಂ.ಮೀ. ಎತ್ತರಿಸಿ. ಇದು 15ಕ್ಕೆ 1 ಏರು. ಮತ್ತೆ ಎಣಿಸಿ.
4. 12 ಸೆಂ.ಮೀ. ಎತ್ತರಿಸಿ. ಇದು 5ಕ್ಕೆ 1 ಏರು. ಮತ್ತೆ ಎಣಿಸಿ. ಮೂರು ಸಂಖ್ಯೆಗಳನ್ನೂ ಹೋಲಿಸಿ.
5. ಹಲಗೆಯ ಮೇಲೆ ಒರಟು ಬಟ್ಟೆ ಹಾಸಿ ಮೊದಲಿನಿಂದ ಮಾಡಿ. ಬೀಜಗಳ ಸಂಖ್ಯೆ ಏಕೆ ಹೆಚ್ಚಿತು?

ಯೋಚಿಸಿ ಉತ್ತರಿಸಿ

1. 40ಕ್ಕೆ 1 ಏರಿನಲ್ಲಿ 10 ಟನ್ ವ್ಯಾಗನ್ ಎಳೆಯಲು ಒಟ್ಟು ಎಷ್ಟು ಕಿಲೋಗ್ರಾಂ ತೂಕ ಕಟ್ಟಬೇಕು? ಗಾಲಿಯ ತಡೆಯನ್ನು ಸೇರಿಸಲು ಮರೆಯಬೇಡಿ.
2. ತುಂಬಿದ ವ್ಯಾಗನ್ ಇಳಿಯುವಾಗ, ಖಾಲಿ ವ್ಯಾಗನ್ ಏರುವಾಗ ಎಂಬುದು ಫೆಸ್ಟಿನಿಯೋಗ್ ದಾರಿಗೆ ಹೇಗೆ ಅನುಕೂಲವಾಯಿತು? ಗಣಿ ಕೆಳಗೆ, ಬಂದರು ಮೇಲೆ ಇದ್ದಿದ್ದರೆ?
3. ನಿಮ್ಮ ಊರಿಗೆ ಬರುವ ಬಸ್ಸಿನಲ್ಲಿ ಬಹಳ ಕಡಿಮೆ ಜನ ಇರುತ್ತಾರೆ ಎಂದುಕೊಳ್ಳಿ. ಅದನ್ನು ನಿಲ್ಲಿಸುವುದು ಸರಿಯೇ? ನಿಲ್ಲಿಸುವ ಮೊದಲು ಯಾರು ಯಾರನ್ನು ಕೇಳಬೇಕು? ತರಗತಿಯಲ್ಲಿ ಚರ್ಚಿಸಿ.

ಪದ ಪರಿಚಯ

ಕಣಿವೆ: ಎರಡು ಗುಡ್ಡಗಳ ನಡುವಿನ ತಗ್ಗು ನೆಲ, ಹೆಚ್ಚಾಗಿ ಇದರಲ್ಲಿ ಹೊಳೆ ಹರಿಯುತ್ತದೆ.
ಘರ್ಷಣೆ: ಎರಡು ವಸ್ತುಗಳು ಒಂದಕ್ಕೊಂದು ತಾಗಿ ಚಲಿಸುವಾಗ ಉಂಟಾಗುವ ತಡೆ.
ಗುರುತ್ವ: ಭೂಮಿ ಎಲ್ಲ ವಸ್ತುಗಳನ್ನೂ ತನ್ನತ್ತ ಸೆಳೆಯುವ ಬಲ.
ಏರಿ: ತಗ್ಗಾದ ಕಡೆ ಹಳಿ ಹಾಕಲು ಎತ್ತರಿಸಿದ ಮಣ್ಣಿನ ದಿಬ್ಬ.